ಕೈಯಲ್ಲಿ ಮಾಡಿದ ಟಿನ್ ವಿಸಿಲ್: ತಪ್ಪು ವಾದ್ಯದ್ದೋ, ನನ್ನ ಉಸಿರಿನದ್ದೋ?

ಪ್ರಶ್ನೆ (ಕಾರ್ಕ್, ಐರ್ಲೆಂಡ್)
ಕಳೆದ ವಾರ ಇಲ್ಲಿ ಒಬ್ಬರು ಕೈಯಲ್ಲೇ ಮಾಡಿದ ಹಿತ್ತಾಳೆಯ ಡಿ ವಿಸಿಲ್ ಕೊಂಡೆ (ತುದಿಯಿಂದ ನೇರವಾಗಿ ಊದುವ ಆರು ತೂತಿನ ಚಿಕ್ಕ ವಾದ್ಯ, ಎಲ್ಲ ಮುಚ್ಚಿದರೆ ಡಿ ಸ್ವರ). ಚಿಕ್ಕವಳಿದ್ದಾಗ ನಾಲ್ಕು ವರ್ಷ ಕೊಳಲು ಕಲಿತಿದ್ದೆ, ಇದು ಸುಲಭ ಅಂದುಕೊಂಡಿದ್ದೆ. ಆರೂ ತೂತು ಮುಚ್ಚಿ ಊದಿದರೆ ಕೆಳಗಿನ ಡಿ ನಿಲ್ಲುವುದೇ ಇಲ್ಲ, ಮೇಲಿನ ಸ್ಥಾಯಿಗೆ ಹಾರಿಬಿಡುತ್ತದೆ. ದನಿಯಲ್ಲಿ ಗಾಳಿಯ ಸದ್ದಿದೆ. ಶ್ರುತಿ ಅಳೆಯುವ ಟ್ಯೂನರ್ ಆಪ್‌ನಲ್ಲಿ ಎಫ್ ಶಾರ್ಪ್ (ಡಿಯಿಂದ ಮೂರನೆಯ ಸ್ವರ) ಕಡಿಮೆ ತೋರಿಸುತ್ತದೆ. ಎರಡು ವಾರದೊಳಗೆ ವಾಪಸ್ ಕೊಡಬಹುದು. ಏನು ನೋಡಿ ತೀರ್ಮಾನಿಸಲಿ?

ಡಬ್ಲಿನ್‌ನಿಂದ
ಆರು ವರ್ಷದಿಂದ ನುಡಿಸುತ್ತಿದ್ದೇನೆ. ನಿಮ್ಮ ತೊಂದರೆ ನನಗೂ ಆಗಿತ್ತು. ನನ್ನ ಮೊದಲ ವಿಸಿಲ್ ಕೆಟ್ಟದ್ದು ಅಂತ ವಾಪಸ್ ಕೊಟ್ಟುಬಿಟ್ಟೆ. ಇವತ್ತಿಗೂ ಬೇಸರವಿದೆ, ಏಕೆಂದರೆ ತಪ್ಪು ನನ್ನದೇ ಇತ್ತು.

ಮೊದಲು ಇದನ್ನು ಮಾಡಿ. ಆರೂ ತೂತುಗಳಿಗೆ ಟೇಪ್ ಅಂಟಿಸಿ, ಮೆಲ್ಲಗೆ ಊದಿ. ಈಗ ಡಿ ನಿಂತರೆ ನಿಮ್ಮ ಬೆರಳು ಎಲ್ಲೋ ಪೂರ್ತಿ ಮುಚ್ಚುತ್ತಿಲ್ಲ ಅಂತ ಅರ್ಥ. ಟೇಪ್ ಹಾಕಿದರೂ ಹಾರಿದರೆ ತಲೆಭಾಗ (ಬಾಯಿಗಿಡುವ ತುದಿ) ಕೊಳವೆಗೆ ಸೇರುವ ಕಡೆ ಗಾಳಿ ಸೋರುತ್ತಿರಬಹುದು. ಅಲ್ಲೂ ಟೇಪ್ ಸುತ್ತಿ ನೋಡಿ. ಆಗಲೂ ನಿಲ್ಲದಿದ್ದರೆ ದೋಷ ತಲೆಭಾಗದಲ್ಲೇ ಇದೆ, ವಾಪಸ್ ಕೊಡಿ.

ಬೆರಳಿನದೇ ತಪ್ಪಾದರೆ ಮೊದಲ ತೂತು ಮಾತ್ರ ಮುಚ್ಚಿದ ಬಿ ಸ್ವರದಿಂದ ಒಂದೊಂದೇ ಬೆರಳಿಡುತ್ತಾ ಕೆಳಗೆ ಬನ್ನಿ. ಎಲ್ಲಿ ಸ್ವರ ಒಡೆಯುತ್ತದೋ ಆ ಬೆರಳನ್ನೇ ನೋಡಿ. ಹೆಚ್ಚಾಗಿ ಕೊನೆಯ ತೂತಿನ ಉಂಗುರ ಬೆರಳೇ ಕೈಕೊಡುವುದು.

ಇನ್ನೊಂದು ವಿಷಯ, ಕೊಳಲು ಕಲಿತವರಿಗೆ ಮುಖ್ಯ. ಕೊಳಲಲ್ಲಿ ಶ್ರುತಿ ಸ್ವಲ್ಪ ಆಚೀಚೆ ಆದರೆ ತುಟಿಯಲ್ಲೇ ಸರಿಮಾಡುತ್ತೇವೆ. ಇಲ್ಲಿ ತುಟಿಗೆ ಕೆಲಸವೇ ಇಲ್ಲ. ಉಸಿರಿನ ಬಲ ಒಂದೇ. ಕೆಳಗಿನ ಡಿಗೆ ಬಹಳ ಕಡಿಮೆ ಉಸಿರು ಸಾಕು, ಬಿಸಿ ಹಾಲು ಆರಿಸುವಷ್ಟು ಊದಿದರೂ ಜಾಸ್ತಿಯೇ. ಮೇಲಿನ ಡಿಗೆ ಮೊದಲ ಬೆರಳು ಎತ್ತಿ ಊದಿ, ಹಾರಿ ಹೋಗಿ ಸರಿಯಾಗಿ ಕೂರುತ್ತದೆ.

ಗಾಳಿಯ ಸದ್ದನ್ನು ದೋಷ ಅನ್ನಬೇಡಿ. 1843ರಲ್ಲಿ ಇಂಗ್ಲೆಂಡಿನ ರಾಬರ್ಟ್ ಕ್ಲಾರ್ಕ್ ತಗಡು ಸುತ್ತಿ, ಬಾಯಿಗೆ ಮರದ ತುಂಡಿಟ್ಟು ಮಾಡಿ ಮಾರಲು ಶುರುಮಾಡಿದ ವಿಸಿಲ್ ಇಂದಿಗೂ ಸಿಗುತ್ತದೆ. ಅದರ ದನಿಯಲ್ಲೂ ಉಸಿರು ತುಂಬಿದೆ. ನನಗೆ ಅದು ತುಂಬಾ ಇಷ್ಟ. ಊದುವವರ ಕಿವಿಗೆ ಬೀಳುವ ಸದ್ದು ಬೇರೆ, ಎದುರಿಗೆ ಕೂತವರಿಗೆ ಕೇಳುವುದೇ ಬೇರೆ. ಹತ್ತು ಅಡಿ ದೂರ ಫೋನ್ ಇಟ್ಟು ರೆಕಾರ್ಡ್ ಮಾಡಿ ಕೇಳಿ.

ಮೈಸೂರಿನಿಂದ
ನಾನು ಕೊಳಲಿನವನು, ವಿಸಿಲ್ ಹಿಡಿದು ಎರಡು ವರ್ಷ. ಟ್ಯೂನರ್ ಪಕ್ಕಕ್ಕಿಡಿ. ತಂಬೂರಿ ಆಪ್ ಅನ್ನು ಡಿಗೆ ಇಟ್ಟು ಊದಿ. ಎಲ್ಲ ಮುಚ್ಚಿದಾಗ ಷಡ್ಜ, ಒಂದೊಂದೇ ತೆರೆದರೆ ಶಂಕರಾಭರಣ ರಾಗದ ಸ್ವರಗಳು. ನಿಮ್ಮ ಎಫ್ ಶಾರ್ಪ್ ಅದರ ಅಂತರ ಗಾಂಧಾರ. ತಂಬೂರಿಯ ಜೊತೆ ಹಿತವಾಗಿ ಕೂರುವ ಗಾಂಧಾರ, ಟ್ಯೂನರ್ ತೋರಿಸುವ ಜಾಗಕ್ಕಿಂತ ಸುಮಾರು 14 ಸೆಂಟ್ ಕೆಳಗಿರುತ್ತದೆ (ಅರ್ಧ ಸ್ವರಕ್ಕೆ 100 ಸೆಂಟ್). ಐರ್ಲೆಂಡಿನ ಚೀಲದ ವಾದ್ಯ ಇಲಿಯನ್ ಪೈಪ್ಸ್‌ನಲ್ಲೂ ಹೀಗೇ ಒಂದು ಸ್ವರ ಹಿಂದೆ ಮೊಳಗುತ್ತಲೇ ಇರುತ್ತದೆ, ಅಲ್ವಾ? ಅದಕ್ಕೆ ಹೊಂದುವಂತೆ ಮಾಡಿದವರು ಬೇಕೆಂದೇ ಇಳಿಸಿರಬಹುದು. 30 ಸೆಂಟ್ ಇಳಿದಿದ್ದರೆ ಮಾತ್ರ ಯೋಚಿಸಿ.

ನಾನು ಮೊದಲು ನೋಡುವುದು ಸಿ ನ್ಯಾಚುರಲ್, ಅಂದರೆ ಮೇಲಿನ ಡಿಗಿಂತ ಒಂದು ಪೂರ್ಣ ಸ್ವರ ಕೆಳಗಿನದು. ಮೊದಲ ತೂತು ತೆರೆದು, ಎರಡು ಮೂರನೆಯದು ಮುಚ್ಚಿ. ಹರಿಕಾಂಭೋಜಿ ರಾಗದ ನಿಷಾದ ಸರಿಯಾಗಿ ಬಂದರೆ ಮಾಡಿದವರ ಕೈ ಪಳಗಿದೆ ಅಂತ ಧೈರ್ಯವಾಗಿ ಹೇಳಬಹುದು.

ಲಿಮರಿಕ್‌ನಿಂದ
ಚಳಿಯಲ್ಲಿ ಪರೀಕ್ಷೆ ಮಾಡಬೇಡಿ. ಲೋಹ ತಣ್ಣಗಿದ್ದರೆ ಶ್ರುತಿ ಇಳಿಯುತ್ತದೆ, ಒಳಗೆ ನೀರು ಕಟ್ಟಿ ದನಿ ಗೊರಗೊರ ಅನ್ನುತ್ತದೆ. ಐದು ನಿಮಿಷ ಕೈಯಲ್ಲಿ ಬೆಚ್ಚಗೆ ಹಿಡಿದುಕೊಳ್ಳಿ. ನೀರು ಕಟ್ಟಿದರೆ ತಲೆಭಾಗದ ಮೇಲಿನ ಕಿಟಕಿಗೆ (ದನಿ ಹುಟ್ಟುವ ಸೀಳು) ಬೆರಳಿಟ್ಟು ಜೋರಾಗಿ ಊದಿ.

ಪ್ರಶ್ನೆ ಕೇಳಿದವಳು, ನಾಲ್ಕು ದಿನದ ನಂತರ
ಟೇಪ್ ಹಾಕಿದೆ, ಡಿ ಅಲುಗಾಡದೆ ನಿಂತಿತು! ಉಂಗುರ ಬೆರಳೇ ಸೋರುತ್ತಿತ್ತು. ಗಾಂಧಾರ ತಂಬೂರಿಯ ಜೊತೆ ಎಷ್ಟು ಚೆನ್ನಾಗಿ ಕೂತಿತೆಂದರೆ ಅರ್ಧ ಗಂಟೆ ಅದೊಂದನ್ನೇ ಊದಿದೆ. ಆದರೆ ಸಿ ನ್ಯಾಚುರಲ್ ಎಷ್ಟು ಮೆಲ್ಲಗೆ ಊದಿದರೂ ಮೇಲೇ ಇದೆ. ಮಾಡಿದವರಿಗೆ ಫೋನ್ ಮಾಡಿದೆ. ಮೊದಲ ತೂತಿನ ಮೇಲಿನ ಅಂಚಿಗೆ ಚೂರು ಟೇಪ್ ಅಂಟಿಸಿ ನೋಡಿ ಅಂದರು. ಅಂಟಿಸಿದೆ, ಇಳಿಯಿತು. ಶನಿವಾರ ತೆಗೆದುಕೊಂಡು ಬನ್ನಿ, ನಾನೇ ಸರಿಮಾಡಿಕೊಡುತ್ತೇನೆ ಅಂದಿದ್ದಾರೆ. ವಾಪಸ್ ಕೊಡುವುದಿಲ್ಲ.