ಪದಚರ್ಚೆ: ಡೆಲ್ಟಾಯ್ಡ್ ಅಂದರೆ ‘ಭುಜದ ಸ್ನಾಯು’ವೇ?

ಪ್ರಶ್ನೆ: ಲಸಿಕೆ ಹಾಕುವ ಆರೋಗ್ಯ ಸಹಾಯಕಿಯರಿಗಾಗಿ ಒಂದು ಕೈಪಿಡಿ ಕನ್ನಡಕ್ಕೆ ಬರುತ್ತಿದೆ. ತೋಳಿನ ಮೇಲ್ಭಾಗದಲ್ಲಿ ಲಸಿಕೆ ಚುಚ್ಚುವ ಸ್ನಾಯುವಾದ ಡೆಲ್ಟಾಯ್ಡ್ ಅನ್ನುವುದಕ್ಕೆ ಕರಡಿನಲ್ಲಿ ‘ಭುಜದ ಸ್ನಾಯು’ ಎಂದಿದೆ. ಪರಿಶೀಲಿಸಿದವರು ಅದನ್ನು ‘ಅಂಸಪೇಶಿ’ ಎಂದು ತಿದ್ದಿದ್ದಾರೆ. ‘ತ್ರಿಕೋನ ಸ್ನಾಯು’ ಎಂಬ ಸಲಹೆಯೂ ಇದೆ. ಯಾವುದನ್ನು ಇಟ್ಟುಕೊಳ್ಳುವುದು? ಅಕ್ರೋಮಿಯನ್ (ಹೆಗಲೆಲುಬಿನ ಹೊರತುದಿ), ರೊಟೇಟರ್ ಕಫ್, ಬರ್ಸಾ ಇವುಗಳಿಗೂ ಬಲ್ಲವರು ಪದ ಸೂಚಿಸಬೇಕು.

ಉತ್ತರ: ‘ಭುಜದ ಸ್ನಾಯು’ ದಯವಿಟ್ಟು ಬೇಡ. ‘ಭುಜಕ್ಕೆ ಚುಚ್ಚಿ’ ಅಂದರೆ ನಮ್ಮವರ ಬೆರಳು ಹೋಗುವುದು ಹೆಗಲ ತುದಿಯ ಗಂಟಿಗೆ, ಅಂದರೆ ನೇರ ಕೀಲಿನ ಮೇಲಕ್ಕೆ. ಸೂಜಿ ಇಳಿಯಬೇಕಾದ ಜಾಗ ಅಲ್ಲಿಂದ ಎರಡು ಮೂರು ಬೆರಳಗಲ ಕೆಳಗಿದೆ.

ತೊಡಕು ಇರುವುದು ‘ಭುಜ’ದಲ್ಲೇ. ಸಂಸ್ಕೃತದಲ್ಲಿ ಅದು ತೋಳು. ಚತುರ್ಭುಜನಿಗೆ ನಾಲ್ಕು ತೋಳು, ನಾಲ್ಕು ಹೆಗಲಲ್ಲವಲ್ಲ! ಕನ್ನಡದಲ್ಲಿ ಅದು ಮೇಲಕ್ಕೆ ಸರಿದು ಹೆಗಲಾಗಿ ಕೂತಿದೆ. ಯಕ್ಷಗಾನದ ವೇಷದಲ್ಲಿ ಭುಜಕೀರ್ತಿ ಏರುವುದು ಹೆಗಲಿಗೆ, ತೋಳುಬಂದಿ ಕಟ್ಟುವುದು ಅದರ ಕೆಳಗೆ, ರಟ್ಟೆಗೆ. ಹಾಗಾಗಿ ‘ಭುಜಾಸ್ಥಿ’ ಎಂದು ಬರೆದರೆ ಸಂಸ್ಕೃತ ಬಲ್ಲವರು ತೋಳಿನ ಮೂಳೆ ಅಂದುಕೊಳ್ಳುತ್ತಾರೆ, ಉಳಿದವರು ಹೆಗಲ ಮೂಳೆ ಅಂದುಕೊಳ್ಳುತ್ತಾರೆ. ತಮಾಷೆಯೆಂದರೆ ಲ್ಯಾಟಿನ್ನಿನ ‘ಹ್ಯೂಮರಸ್’ ಉಲ್ಟಾ ದಾರಿ ಹಿಡಿದಿದೆ. ಆ ಭಾಷೆಯಲ್ಲಿ ಅದಕ್ಕೆ ಹೆಗಲೆಂದೇ ಅರ್ಥವಿತ್ತು, ಅಂಗರಚನಾಶಾಸ್ತ್ರದಲ್ಲಿ ಕೆಳಗಿಳಿದು ತೋಳಿನ ಮೂಳೆಯಾಯಿತು. ಅದು, ಗ್ರೀಕಿನ ‘ಓಮೋಸ್’, ಸಂಸ್ಕೃತದ ‘ಅಂಸ’, ಮೂರೂ ಒಂದೇ ಬೇರಿನವು. ಅಕ್ರೋಮಿಯನ್‌ನಲ್ಲಿರುವುದು ಅದೇ ‘ಓಮೋಸ್’; ಮುಂದೆ ಸೇರಿದ ‘ಅಕ್ರೋಸ್’ ಅಂದರೆ ತುದಿ. ಹೀಗಾಗಿ ‘ಹೆಗಲ ತುದಿ’ ಎಂದರೆ ಅರ್ಥ ಹಾಗೇ ಬರುತ್ತದೆ, ಕೈಗೆ ಸಿಗುವ ಗುರುತೂ ಆಗುತ್ತದೆ.

ಹಾಗಾದರೆ ‘ಹೆಗಲ ಸ್ನಾಯು’? ಅದೂ ಸರಿಹೋಗದು. ಹೆಗಲು, ಹಳಗನ್ನಡದ ಪೆಗಲ್, ಭಾರ ಹೊರುವ ಜಾಗ. ಎತ್ತಿಗಾದರೆ ಹಿಣಿಲಿನ ಮುಂದೆ ನೊಗ ಕೂರುವಲ್ಲಿ, ಮನುಷ್ಯನಿಗಾದರೆ ಕೊರಳ ಬುಡದಿಂದ ಇಳಿಯುವ ಇಳಿಜಾರಿನಲ್ಲಿ. ಮೂಟೆ ಕೂರುವ ಆ ಜಾಗದ ಸ್ನಾಯು ಟ್ರಪೀಜಿಯಸ್. ಡೆಲ್ಟಾಯ್ಡ್ ಶುರುವಾಗುವುದೇ ಆ ಇಳಿಜಾರು ಮುಗಿಯುವಲ್ಲಿ. ಕೊರಳೆಲುಬಿನ ಹೊರಗಿನ ಮೂರನೇ ಒಂದು ಭಾಗ, ಹೆಗಲ ತುದಿ, ಹೆಗಲೆಲುಬಿನ ಹಿಂದಿನ ಏಣು ಇಷ್ಟುದ್ದಕ್ಕೂ ಅಂಟಿಕೊಂಡು ಹೊರಟು, ಕೆಳಗೆ ಕಿರಿದಾಗುತ್ತ, ತೋಳಿನ ಮೂಳೆಯ ಹೊರಮೈಯ ನಡುವಿಗೆ ಬಂದು ಸೇರುತ್ತದೆ. ಗ್ರೀಕ್ ಅಕ್ಷರ ಡೆಲ್ಟಾವನ್ನು ತಲೆಕೆಳಗು ಮಾಡಿದ ಆಕಾರ, ಹೆಸರು ಬಂದದ್ದು ಅದರಿಂದ. ಬುಡ ಹೆಗಲಲ್ಲಿ, ತುದಿ ತೋಳಲ್ಲಿ ಇರುವುದರಿಂದ ಜಾಗದ ಹೆಸರು ಯಾವುದಿಟ್ಟರೂ ಅರ್ಧವೇ ಸರಿ.

‘ಅಂಸಪೇಶಿ’ಯೂ ಹೀಗೆ ಅರ್ಧ ಸರಿ, ಮೇಲಾಗಿ ಓದುವ ಸಹಾಯಕಿಗೆ ‘ಅಂಸ’ ಗೊತ್ತಿರಲಾರದು. ‘ತ್ರಿಕೋನ ಸ್ನಾಯು’ ಆಕಾರಕ್ಕೆ ಒಪ್ಪುತ್ತದೆ, ತೋಳಿನ ಹಿಂಬದಿಯ ಟ್ರೈಸೆಪ್ಸ್ ಜೊತೆ ಕಲಸಿಹೋಗುವ ಭಯವಿದೆ. ನನ್ನ ಮತ ಡೆಲ್ಟಾಯ್ಡ್ ಪದಕ್ಕೇ. ಮೊದಲ ಸಲ ಬಂದಾಗ ‘ತೋಳಿನ ಮೇಲ್ಭಾಗದ ಹೊರಬದಿಯಲ್ಲಿರುವ, ಮೂರು ಮೂಲೆಯ ಸ್ನಾಯು’ ಎಂದು ವಿವರಿಸಿ, ಚಿತ್ರ ಹಾಕಿ.

ಮತ್ತೊಂದು ಉತ್ತರ: ಮೇಲಿನದನ್ನು ಒಪ್ಪುತ್ತೇನೆ. ಪದ ಹೇಗೇ ಇರಲಿ, ವಾಕ್ಯ ಹೀಗಿದ್ದರೆ ಒಳ್ಳೆಯದು: ‘ಹೆಗಲ ತುದಿಯ ಮೂಳೆಯನ್ನು ಬೆರಳಿಂದ ಮುಟ್ಟಿ ಗುರುತಿಸಿ. ಅದರಿಂದ ಎರಡು ಮೂರು ಬೆರಳಗಲ ಕೆಳಗೆ, ಕಂಕುಳ ಮಡಿಕೆಯ ಮಟ್ಟಕ್ಕಿಂತ ಮೇಲೆ, ತೋಳಿನ ಹೊರಬದಿಯ ನಡುವೆ ಸೂಜಿಯನ್ನು ನೆಟ್ಟಗೆ ಚುಚ್ಚಿ.’ ಅಂಗಿಯ ಕೊರಳುಪಟ್ಟಿಯನ್ನು ಪಕ್ಕಕ್ಕೆ ಎಳೆದು ಸಿಕ್ಕಷ್ಟು ಜಾಗದಲ್ಲಿ ಚುಚ್ಚಬಾರದು, ಹೆಗಲು ಪೂರ್ತಿ ಕಾಣಬೇಕು ಎಂದೂ ಸೇರಿಸಿ. ಕೂತವರಿಗೆ ನಿಂತು ಚುಚ್ಚಿದರೂ ಸೂಜಿ ಮೇಲಕ್ಕೇ ಹೋಗುತ್ತದೆ.

ಬರ್ಸಾಕ್ಕೆ ‘ಜಾರುಚೀಲ’ ಅನ್ನಬಹುದು. ಡೆಲ್ಟಾಯ್ಡ್‌ಗೂ ಅದರಡಿಯ ರಜ್ಜುಗಳಿಗೂ (ಸ್ನಾಯುವನ್ನು ಮೂಳೆಗೆ ಬಿಗಿಯುವ ಪಟ್ಟಿಗಳು) ನಡುವೆ, ಒಂದರ ಮೇಲೊಂದು ಉಜ್ಜದ ಹಾಗೆ ಇರುವ ತೆಳ್ಳನೆಯ ಚೀಲ ಅದು. ಲಸಿಕೆ ತೀರಾ ಮೇಲೆ ಬಿದ್ದರೆ ಸೇರುವುದು ಇದರೊಳಕ್ಕೆ. ಆಗ ಉರಿಯೂತವಾಗಿ, ಸಾಮಾನ್ಯವಾಗಿ 48 ಗಂಟೆಯೊಳಗೆ ನೋವು ಶುರುವಾಗುತ್ತದೆ, ತೋಳು ಎತ್ತಲು ಆಗುವುದಿಲ್ಲ. ಮಾಮೂಲಿ ಸೂಜಿನೋವು ಎರಡು ಮೂರು ದಿನಕ್ಕೆ ಇಳಿಯುತ್ತದೆ, ಇದು ತಿಂಗಳುಗಟ್ಟಲೆ ಎಳೆಯಬಹುದು.

‘ರೊಟೇಟರ್ ಕಫ್’ ಕನ್ನಡ ಲಿಪಿಯಲ್ಲಿ ನೋಡಿದವರಿಗೆ ವಾತ ಪಿತ್ತ ಕಫ ನೆನಪಾದೀತು! ಸುಪ್ರಾಸ್ಪೈನೇಟಸ್, ಇನ್‌ಫ್ರಾಸ್ಪೈನೇಟಸ್, ಟೆರೀಸ್ ಮೈನರ್, ಸಬ್‌ಸ್ಕ್ಯಾಪುಲಾರಿಸ್, ಈ ನಾಲ್ಕು ಸ್ನಾಯುಗಳ ರಜ್ಜುಗಳು ಕೀಲನ್ನು ಅಂಗಿಯ ತೋಳಪಟ್ಟಿಯ ಹಾಗೆ ಸುತ್ತಿ, ತೋಳಿನ ಮೂಳೆಯ ಮೇಲ್ತುದಿಯ ಉರುಳೆಯನ್ನು ಹೆಗಲೆಲುಬಿನ ಗುಳಿಯಲ್ಲಿ ಹಿಡಿದಿಡುತ್ತವೆ. ‘ಕೀಲುಪಟ್ಟಿ’ ಸಾಕು.

ಕೊನೆಗೆ, ಕೇಳದೆಯೇ ಒಂದು ಎಚ್ಚರಿಕೆ. ಕೈಪಿಡಿಯಲ್ಲಿ ‘ನರ’ವನ್ನು ಬಿಡಿಯಾಗಿ ಬಿಡಬೇಡಿ. ಆಡುಮಾತಿನಲ್ಲಿ ಕೀಲಿನ ರಜ್ಜೂ ನರವೇ, ರಕ್ತನಾಳವೂ ನರವೇ. ಗ್ಲೂಕೋಸ್ ಹಾಕುವಾಗ ‘ನರ ಸಿಗಲಿಲ್ಲ’ ಅನ್ನುವುದಿಲ್ಲವೇ? ಡೆಲ್ಟಾಯ್ಡ್‌ನ ಒಳಮೈಗೆ ತಾಗಿ, ಹೆಗಲ ತುದಿಯಿಂದ ಸುಮಾರು 5ರಿಂದ 7 ಸೆಂಟಿಮೀಟರ್ ಕೆಳಗೆ ಮೂಳೆಯನ್ನು ಸುತ್ತಿ ಹೋಗುವುದಕ್ಕೆ ‘ಆಕ್ಸಿಲರಿ ನರ’ ಎಂದು ಪೂರ್ತಿ ಹೆಸರು ಬರೆಯಿರಿ. ಉಳಿದೆಡೆ ರಕ್ತನಾಳ, ರಜ್ಜು ಎಂದು ಬೇರೆ ಬೇರೆಯಾಗಿಯೇ ಇರಲಿ.