ಬಿಗ್ ಬೆಂಡಿಗೆ ಹೊರಟ ಪುಳಿಯೋಗರೆ

ಟೆಕ್ಸಾಸ್ ರಾಜ್ಯದ ನೈಋತ್ಯದಲ್ಲಿ, ರಿಯೊ ಗ್ರಾಂಡೆ ನದಿಯು ಮೆಕ್ಸಿಕೊದ ಗಡಿಯಾಗಿ ಬಾಗಿ ಹರಿಯುವಲ್ಲಿ, 1944ರಲ್ಲಿ ಸ್ಥಾಪನೆಯಾದ ಬಿಗ್ ಬೆಂಡ್ ರಾಷ್ಟ್ರೀಯ ಉದ್ಯಾನವಿದೆ. ಎಂಟು ಲಕ್ಷ ಎಕರೆಯ ಆ ಮರುಭೂಮಿಗೆ ಹೋಗಿ ಚಾರಣ ಮಾಡುವ ವಿಚಾರವನ್ನು ನಮ್ಮ ಹೂಸ್ಟನ್ ಬಳಗವು, ನಿರೀಕ್ಷೆಯಂತೆಯೇ, ಊಟದ ಪಟ್ಟಿಯಿಂದ ಆರಂಭಿಸಿತು.

“ಪುಳಿಯೋಗರೆ ಕೆಡುವುದಿಲ್ಲ, ಚಕ್ಕುಲಿ ದಾರಿಗಾಗುತ್ತದೆ,” ಎಂದು ಶೆಟ್ಟರು ತೀರ್ಪಿತ್ತರು.

“ನೀರಿನ ಮಾತನ್ನೇ ಎತ್ತಲಿಲ್ಲವಲ್ಲ!” ಎಂದರು ರಾಯರು. “ತಲೆಗೆ ದಿನಕ್ಕೊಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್ ಬೇಕೆಂದು ಉದ್ಯಾನದವರೇ ಹೇಳುತ್ತಾರೆ. ಚಿಸೋಸ್ ಬೆಟ್ಟದ ಸೌತ್ ರಿಮ್‌ಗೆ, ಅಂದರೆ ದಕ್ಷಿಣದ ಕಡಿದಾದ ಅಂಚಿಗೆ, ಹೋಗಿಬರಲು 12 ಮೈಲಿಗೂ ಹೆಚ್ಚು ನಡೆಯಬೇಕು. ನಡುವೆ ನಂಬಬಹುದಾದ ಒಂದು ಸೆಲೆಯೂ ಇಲ್ಲ.”

“ನದಿ ಇದೆಯಲ್ಲ, ರಾಯರೇ?”

“ಇದೆ, ನೀವು ನಿಂತಲ್ಲಿಂದ ಸುಮಾರು 5,000 ಅಡಿ ಕೆಳಗೆ.”

ಗೌಡರಿಗೆ ಕರಡಿಯ ಚಿಂತೆ. ಬೆಟ್ಟದ ಶಿಬಿರಗಳಲ್ಲಿ ಆಹಾರವನ್ನು ಡೇರೆಯೊಳಗಿಡದೆ, ಕರಡಿ ತೆರೆಯಲಾಗದ ಕಬ್ಬಿಣದ ಪೆಟ್ಟಿಗೆಯಲ್ಲಿ ಇಡಬೇಕೆಂಬ ನಿಯಮವನ್ನು ಓದಿ ಹೇಳಿದ ಅವರು, ಇಂಗಿನ ಒಗ್ಗರಣೆಯ ಘಮವನ್ನು ಯಾವ ಪೆಟ್ಟಿಗೆ ತಡೆದೀತೆಂದು ಕೇಳಿದರು. ಬೆಟ್ಟದ ಸಿಂಹ, ಅಂದರೆ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕು, ಎದುರಾದರೆ ಓಡದೆ, ಕೈಬೀಸಿ ಕೂಗುತ್ತ ದೊಡ್ಡವರಾಗಿ ಕಾಣಿಸಿಕೊಳ್ಳಬೇಕಂತೆ. ಎಲ್ಲರ ಕಣ್ಣೂ ಶೆಟ್ಟರ ಹೊಟ್ಟೆಯ ಕಡೆ ಹೊರಳಿತು. ಆ ಹೊಣೆ ಅವರಿಗೆ ಅವಿರೋಧವಾಗಿ ಸಂದಿತು.

ಮೇ ತಿಂಗಳ ಕೊನೆಯ ವಾರಾಂತ್ಯಕ್ಕೆ ರಜೆ ಹಾಕೋಣವೆಂಬ ಸಲಹೆಯನ್ನು ರಾಯರು ಕೂಡಲೇ ಹೊಡೆದುಹಾಕಿದರು. ಮೇ ಮತ್ತು ಜೂನ್ ಅಲ್ಲಿಯ ಅತಿ ಬಿಸಿ ತಿಂಗಳುಗಳು. ನದಿಯ ದಡದಲ್ಲಿ ಪಾದರಸ 100 ಡಿಗ್ರಿ ಫ್ಯಾರನ್‌ಹೀಟ್ ದಾಟುತ್ತದೆ. ಚಳಿಗಾಲವೇ ವಾಸಿ, 1,500 ಅಡಿ ಎತ್ತರದ ಸುಣ್ಣಕಲ್ಲಿನ ಗೋಡೆಗಳ ನಡುವಿನ ಸಾಂತಾ ಎಲೆನಾ ಕಮರಿಯನ್ನು ಬೆವರೊರೆಸಿಕೊಳ್ಳದೆ ನೋಡಬಹುದು. ಕಾಲಿಗೆ ಮಾತ್ರ ದಪ್ಪ ಪ್ಯಾಂಟು ಬೇಕು, ಏಕೆಂದರೆ ಅಲ್ಲಿಯ ಲೆಚುಗಿಯಾ ಗಿಡದ ಎಲೆತುದಿಯು ಸರಿಯಾಗಿ ಮೊಣಕಾಲಿನ ಕೆಳಗೇ ದಬ್ಬಣದಂತೆ ಚುಚ್ಚುತ್ತದೆ.

“ಪಾಸ್‌ಪೋರ್ಟ್, ವೀಸಾ ಕಾಗದ ಮರೆಯಬೇಡಿ,” ಎಂದರು ಗೌಡರು. ಬೊಕಿಯಾಸ್ ಎಂಬ ಗಡಿ ದಾಟುವ ಸ್ಥಳದಲ್ಲಿ ದೋಣಿಯೇರಿ ಮೆಕ್ಸಿಕೊಗೆ ಹೋಗದಿದ್ದರೂ, ಹಿಂತಿರುಗುವ ಹೆದ್ದಾರಿಯಲ್ಲಿ ಗಡಿ ಕಾವಲಿನವರ ತಪಾಸಣೆ ಇರುತ್ತದೆ. ಈ ಒಂದು ಮಾತಿಗೆ ಯಾರೂ ನಗಲಿಲ್ಲ.

ಕೊನೆಗೂ ನೀರು ಪಟ್ಟಿಗೆ ಸೇರಿತು. ಅಷ್ಟು ಕ್ಯಾನುಗಳಿಗೆ ಕಾರಿನಲ್ಲಿ ಜಾಗ ಸಾಲದೆಂದು ತಿಳಿದಾಗ, ಡೇರೆ ನಿಜಕ್ಕೂ ಅಗತ್ಯವೇ ಎಂದು ಶೆಟ್ಟರು ಗಂಭೀರವಾಗಿ ವಿಚಾರಿಸಿದರು.