ಮೂಳೆ ಟೊಳ್ಳಾದವರ ಬೆನ್ನಿನಲ್ಲಿ ಸ್ಕ್ರೂ ಭದ್ರವಾಗಿ ನಿಲ್ಲಲು ಬೋನ್ ಸಿಮೆಂಟ್ ಬೇಕೇ?

ಪ್ರಶ್ನೆ (ಸಕಲೇಶಪುರದಿಂದ):
ನಮಸ್ಕಾರ. ನಮ್ಮ ತಾಯಿಯವರಿಗೆ 68 ವರ್ಷ. ಸೊಂಟದ ನಾಲ್ಕನೆಯ ಮೂಳೆ ಐದನೆಯದರ ಮೇಲೆ ಮುಂದಕ್ಕೆ ಜಾರಿ, ಕಾಲಿಗೆ ಇಳಿಯುವ ನೋವಿನಿಂದಾಗಿ ಮನೆಯಿಂದ ಕಾಫಿ ಕಣದವರೆಗೆ ನಡೆಯುವುದೂ ಅವರಿಗೆ ಕಷ್ಟವಾಗಿದೆ. ಹಾಸನದಲ್ಲಿ ತೋರಿಸಿದಾಗ ನಾಲ್ಕು ಪೆಡಿಕಲ್ ಸ್ಕ್ರೂ (ಬೆನ್ನುಮೂಳೆಯ ಪೆಡಿಕಲ್ ಎಂಬ ಭಾಗದ ಮೂಲಕ ತೂರಿಸುವ ಸ್ಕ್ರೂ) ಮತ್ತು ಎರಡು ರಾಡ್ ಹಾಕಬೇಕೆಂದರು. ಮೂಳೆಯ ಸಾಂದ್ರತೆ ಅಳೆಯುವ ಡೆಕ್ಸಾ ಸ್ಕ್ಯಾನ್‌ನಲ್ಲಿ ಟಿ-ಸ್ಕೋರ್ ಎಂಬ ಅಂಕ ಮೈನಸ್ 3.1 ಬಂದಿರುವುದರಿಂದ, ತುದಿಯಲ್ಲಿ ರಂಧ್ರಗಳಿರುವ ಸ್ಕ್ರೂ ಬಳಸಿ ಸಿಮೆಂಟ್ ತುಂಬುವುದು ಒಳ್ಳೆಯದೆಂದೂ ಹೇಳಿದರು. ನಮ್ಮ ದೊಡ್ಡಮ್ಮನವರಿಗೆ ಬೇರೊಂದು ಊರಿನಲ್ಲಿ ಸಿಮೆಂಟ್ ಇಲ್ಲದೆ ಹಾಕಿದ್ದ ಸ್ಕ್ರೂಗಳು ವರ್ಷದೊಳಗೆ ಸಡಿಲವಾದವು; ಎಕ್ಸ್‌ರೇಯಲ್ಲಿ ಸ್ಕ್ರೂ ಸುತ್ತ ಕಂಡ ಕಪ್ಪು ಗೆರೆ ಇನ್ನೂ ನನ್ನ ಕಣ್ಣ ಮುಂದಿದೆ. ದಪ್ಪ ಸ್ಕ್ರೂ ಹಾಕಿದರೆ ಸಾಲದೇ? ಸಿಮೆಂಟ್‌ನಿಂದ ಅಪಾಯವಿಲ್ಲವೇ?

ಉತ್ತರ (ಹಾಸನದಿಂದ, ಮೆಕ್ಯಾನಿಕಲ್ ವಿಭಾಗದ ಅಧ್ಯಾಪಕ):
ನಾನು ವೈದ್ಯನಲ್ಲ; ಸ್ಕ್ರೂಗಳ ಹಿಡಿತವನ್ನು ಪರೀಕ್ಷಿಸಿದ ಅನುಭವದಿಂದ ಬರೆಯುತ್ತಿದ್ದೇನೆ. ಈ ಪರೀಕ್ಷೆಗೆ ಮೂಳೆಯ ಬದಲು ಪಾಲಿಯುರೆಥೇನ್ ಫೋಮ್ ತುಂಡುಗಳನ್ನು ಬಳಸುತ್ತಾರೆ. ಘನ ಸೆಂ.ಮೀ.ಗೆ 0.32 ಗ್ರಾಂ ತೂಗುವ ಫೋಮ್ ಸಾಧಾರಣ ಮೂಳೆಗೂ, 0.16 ಗ್ರಾಂನದು ಟೊಳ್ಳು ಮೂಳೆಗೂ ಸಮವೆಂದು ಲೆಕ್ಕ. ಹಗುರ ಫೋಮ್‌ನಿಂದ ಎಳೆದು ತೆಗೆದ ಸ್ಕ್ರೂವನ್ನು ಕೈಯಲ್ಲಿ ಹಿಡಿದು ನೋಡಿದರೆ ಥ್ರೆಡ್‌ಗಳ ಸಂದಿಯಲ್ಲಿ ಫೋಮ್ ಹಾಗೆಯೇ ಕಚ್ಚಿಕೊಂಡಿರುತ್ತದೆ. ಅಂದರೆ ಸ್ಕ್ರೂವಿಗೆ ಏನೂ ಆಗಿಲ್ಲ, ಥ್ರೆಡ್‌ನ ಹೊರ ಅಂಚಿನ ಉದ್ದಕ್ಕೂ ಫೋಮ್ ಹರಿದುಹೋಗಿದೆ. ಆದ್ದರಿಂದಲೇ ಹೊರ ವ್ಯಾಸ ಹೆಚ್ಚಿದಷ್ಟೂ, ಥ್ರೆಡ್ ಆಳವಾದಷ್ಟೂ ಹಿಡಿತ ಹೆಚ್ಚುತ್ತದೆ. ಮೆತ್ತನೆಯ ಮೂಳೆಗೆ ಆಳವಾದ, ಅಂತರವಿರುವ ಥ್ರೆಡ್ ಒಪ್ಪುತ್ತದೆ. ಗಟ್ಟಿ ಹೊರಪದರಕ್ಕೆ ಒತ್ತಾದ ಸಣ್ಣ ಥ್ರೆಡ್. ಒಳದಂಡು ಶಂಕುವಿನಾಕಾರದಲ್ಲಿದ್ದರೆ ಸುತ್ತಲಿನ ಮೂಳೆಯನ್ನು ಒತ್ತಿ ಬಿಗಿಮಾಡುತ್ತದೆ, ಆದರೆ ಅಂಥ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದರೆ ಆ ಬಿಗಿ ಸಡಿಲುತ್ತದೆ.

ದಪ್ಪಕ್ಕೆ ಮಿತಿಯಿದೆ. ಪೆಡಿಕಲ್ ಎಂಬುದು ಕಿರಿದಾದ ಮೂಳೆಯ ಕೊಳವೆ. ಅದರ ಅಗಲ ಮೀರಿದ ಸ್ಕ್ರೂ ತೂರಿಸಿದರೆ ಗೋಡೆಯೇ ಒಡೆಯುತ್ತದೆ, ಪಕ್ಕದಲ್ಲೇ ನರವಿರುತ್ತದೆ.

ಇನ್ನೊಂದು ಮುಖ್ಯ ಸಂಗತಿಯೆಂದರೆ, ದೇಹದೊಳಗೆ ಸ್ಕ್ರೂವನ್ನು ಯಾರೂ ನೇರವಾಗಿ ಎಳೆಯುವುದಿಲ್ಲ. ತೋಟದಲ್ಲಿ ಬೇಲಿಗೂಟ ಕೀಳುವಾಗ ಮೊದಲು ಅತ್ತಿತ್ತ ಅಲ್ಲಾಡಿಸುತ್ತೇವಲ್ಲ, ಬಾಗಿ ಏಳುವ ಪ್ರತಿ ಸಲವೂ ಸ್ಕ್ರೂವಿನ ಮೇಲೆ ಅಂಥದೇ ಒತ್ತಡ ಬೀಳುತ್ತದೆ. ನಿಮ್ಮ ದೊಡ್ಡಮ್ಮನವರ ಎಕ್ಸ್‌ರೇಯ ಕಪ್ಪು ಗೆರೆ ಹಾಗೆ ಸವೆದ ಜಾಗವೇ ಇರಬೇಕು. ಎಳೆತದ ಪರೀಕ್ಷೆಯ ಅಂಕಿಯೊಂದನ್ನೇ ನೋಡಿ ಸ್ಕ್ರೂ ಆರಿಸುವುದು ಸರಿಯಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ.

ಉತ್ತರ (ಚಿಕ್ಕಮಗಳೂರಿನಿಂದ, ಆಪರೇಷನ್ ಥಿಯೇಟರ್ ಸಿಬ್ಬಂದಿ):
ಸಿಮೆಂಟ್ ವಿಷಯ ನಾನು ಹೇಳುತ್ತೇನೆ. ಬೋನ್ ಸಿಮೆಂಟ್ ಎಂದರೆ ಪಿಎಂಎಂಎ ಎಂಬ ಅಕ್ರಿಲಿಕ್. ಪುಡಿ ಮತ್ತು ಘಾಟು ವಾಸನೆಯ ದ್ರವವನ್ನು ಕಲಸಿದಾಗ ಬಿಸಿಯೇರಿ ಗಟ್ಟಿಯಾಗುತ್ತದೆ. ಅದು ಅಂಟಲ್ಲ. ಜಾಲರಿಯಂಥ ಮೂಳೆಯ ಸಂದುಗಳಿಗೆ ಹೊಕ್ಕು ಹೆಪ್ಪುಗಟ್ಟುವುದರಿಂದ, ಸ್ಕ್ರೂ ತುದಿಯ ಭಾರ ಅಗಲವಾಗಿ ಹಂಚಿಹೋಗುತ್ತದೆ. ರಂಧ್ರವುಳ್ಳ ಸ್ಕ್ರೂವಿನ ಲಾಭವೆಂದರೆ, ಮೊದಲು ಸ್ಕ್ರೂ ಕೂರಿಸಿ, ಸಿ-ಆರ್ಮ್ ಎಂಬ ಎಕ್ಸ್‌ರೇ ಯಂತ್ರದಲ್ಲಿ ಜಾಗ ಖಚಿತಪಡಿಸಿಕೊಂಡು, ಆಮೇಲೆ ಅದರೊಳಗಿನಿಂದಲೇ ಸಿಮೆಂಟ್ ಬಿಡಬಹುದು. ರಂಧ್ರಗಳು ತುದಿಯತ್ತ ಇರುವುದರಿಂದ ಸಿಮೆಂಟ್ ನರದ ಕಾಲುವೆಯಿಂದ ದೂರ ಉಳಿಯುತ್ತದೆ.

ಅಪಾಯ ಇಲ್ಲವೆನ್ನಲಾರೆ. ತೆಳುವಾಗಿರುವಾಗಲೇ ಒತ್ತಿದರೆ ರಕ್ತನಾಳಕ್ಕೆ ಸೇರಿ ಶ್ವಾಸಕೋಶದವರೆಗೂ ಹೋಗಬಹುದು. ಆದ್ದರಿಂದ ಟೂತ್‌ಪೇಸ್ಟ್‌ನಷ್ಟು ಮಂದವಾಗುವವರೆಗೆ ಕಾದು, ಪ್ರತಿ ಸ್ಕ್ರೂವಿಗೆ ಒಂದೆರಡು ಮಿ.ಲೀ.ಯಷ್ಟನ್ನು ನಿಧಾನವಾಗಿ, ಪರದೆ ನೋಡುತ್ತಲೇ ಬಿಡುತ್ತಾರೆ. ಎಕ್ಸ್‌ರೇಯಲ್ಲಿ ಕಾಣಲೆಂದೇ ಅದರಲ್ಲಿ ಬೇರಿಯಂ ಸಲ್ಫೇಟ್‌ನಂಥ ವಸ್ತು ಬೆರೆಸಿರುತ್ತಾರೆ. ಕೊಠಡಿ ತಣ್ಣಗಿದ್ದಷ್ಟೂ ಸಿಮೆಂಟ್ ತಡವಾಗಿ ಕಟ್ಟುತ್ತದೆ; ನಮ್ಮೂರ ಆಷಾಢದ ಚಳಿಯಲ್ಲಿ ಇದನ್ನು ಮರೆಯುವಂತಿಲ್ಲ. ಮುಂದೆ ಸೋಂಕಾದರೆ ಸಿಮೆಂಟ್ ತೆಗೆಯುವುದು ತ್ರಾಸದ ಕೆಲಸ ಎಂಬುದನ್ನೂ ತಿಳಿದಿರಿ. ಮೈನಸ್ 2.5ಕ್ಕೇ ಮೂಳೆ ಟೊಳ್ಳು ಎನ್ನುವಾಗ 3.1 ಇರುವವರಿಗೆ ವೈದ್ಯರು ಈ ಸಲಹೆ ಕೊಟ್ಟಿರುವುದು ನನಗೆ ಸಮಂಜಸವಾಗಿಯೇ ಕಾಣುತ್ತದೆ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಾಲ್ಕೂ ಸ್ಕ್ರೂಗಳಿಗೆ ಸಿಮೆಂಟ್ ಬೇಕೇ ಎಂದು ವೈದ್ಯರನ್ನೇ ಕೇಳುತ್ತೇನೆ. ಟೊಳ್ಳಾದ ಮೂಳೆಗೆ ಬೇರೆ ಚಿಕಿತ್ಸೆ ಇಲ್ಲವೇ?

ಉತ್ತರ (ಚಿಕ್ಕಮಗಳೂರಿನಿಂದ):
ಇದೆ, ಅದನ್ನು ಬಿಡಲೇಬಾರದು. ಸಿಮೆಂಟ್ ಸ್ಕ್ರೂವಿನ ಸುತ್ತ ಮಾತ್ರ ಬಲ ಕೊಡುತ್ತದೆ; ಸ್ಕ್ರೂಗಳಿಗಿಂತ ಮೇಲಿನ ಮೂಳೆ ಟೊಳ್ಳಾಗಿಯೇ ಉಳಿದರೆ ಮುಂದೆ ಅಲ್ಲಿ ಕುಸಿಯಬಹುದು. ವಿಟಮಿನ್ ಡಿ, ಕ್ಯಾಲ್ಸಿಯಂ ಪರೀಕ್ಷೆ ಮಾಡಿಸಿ, ಮೂಳೆ ಬೆಳೆಸುವ ಟೆರಿಪ್ಯಾರಟೈಡ್ ಚುಚ್ಚುಮದ್ದು ಅಮ್ಮನವರಿಗೆ ಆಗುತ್ತದೆಯೇ ಎಂದು ಶಸ್ತ್ರಚಿಕಿತ್ಸೆಗೆ ಮೊದಲೇ ವಿಚಾರಿಸಿ. ಅದನ್ನು ದಿನಕ್ಕೊಮ್ಮೆ ಮನೆಯಲ್ಲೇ ಕೊಡಬಹುದು. ಫ್ರಿಜ್‌ನಲ್ಲಿ ಇಡಬೇಕಾಗುವುದರಿಂದ ತೋಟದ ಮನೆಯಲ್ಲಿ ಕರೆಂಟ್ ಹೋದಾಗ ಏನು ಮಾಡಬೇಕೆಂಬುದನ್ನೂ ಕೇಳಿಟ್ಟುಕೊಳ್ಳಿ.